ಟೋಟಲ್ ಎಂಟು

ಹೊಸ ಕಾರು ಕೊಂಡ ಮೂರನೆಯ ದಿನ ನನ್ನ ಭಾವಮೈದ ಬೆಂಗಳೂರಿನಿಂದ ಫೋನ್ ಮಾಡಿದ. "ಭಾವ, ನಂಬರ್ ಬಂತು" ಅಂದ. ದನಿ ಕೇಳಿದರೆ ಲ್ಯಾಬಿನಿಂದ ರಿಪೋರ್ಟ್ ಬಂದವರ ಹಾಗಿತ್ತು. ನಾನೂ ಉಸಿರು ಬಿಗಿಹಿಡಿದು "ಏನಂತೆ?" ಅಂದೆ.

"ಟೋಟಲ್ ಒಂಬತ್ತು ಭಾವ! ದುಡ್ಡು ಕೊಡದೆ ಬಂದಿರೋ ಒಂಬತ್ತು!"

ನಾಲ್ಕು ಅಂಕಿ ಕೂಡಿದರೆ ಹದಿನೆಂಟು, ಒಂದೂ ಎಂಟೂ ಒಂಬತ್ತು. ಅವನ ಖುಷಿ ನೋಡಿ ನನಗೂ ಖುಷಿಯಾಯಿತು. ಆ ಕಾರಿನ ಮೈಲೇಜು ಎಷ್ಟು, ಗಾಳಿಚೀಲ ಎಷ್ಟು, ಹಿಂದಿನ ಸೀಟಿನಲ್ಲಿ ನಮ್ಮಂಥವರ ಮಂಡಿ ಹಿಡಿಸುತ್ತದೋ ಇಲ್ಲವೋ, ಈ ಯಾವುದನ್ನೂ ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಶೋರೂಮಿನಲ್ಲಿ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು ಹತ್ತಿಸಿದ್ದಾನೆ, ಟೋಟಲ್ ಒಂಬತ್ತು ಬಂದಿದೆ. ಇನ್ನು ಬ್ರೇಕ್ ಇದ್ದರೆಷ್ಟು ಬಿಟ್ಟರೆಷ್ಟು!

ಒಂದು ವಾರ ಕಳೆಯಿತು. ಮತ್ತೆ ಫೋನ್. ಈ ಸಲ ದನಿಯೇ ಇಲ್ಲ. ಯಾರೋ ನ್ಯೂಮರಾಲಜಿಯವರ ಹತ್ತಿರ ಹೋಗಿದ್ದನಂತೆ. ಬರೀ ನಾಲ್ಕು ಅಂಕಿ ಕೂಡಿದರೆ ಅದು ಅರ್ಧ ಲೆಕ್ಕ, ಅಕ್ಷರಗಳನ್ನೂ ಸೇರಿಸಬೇಕು ಅಂದರಂತೆ ಅವರು. ಜಯನಗರದ ಗಾಡಿ. ಕೆ ಅಂದರೆ 2, ಎ ಅಂದರೆ 1, ಆಮೇಲೆ 05. ಸೀರೀಸು ಎಂಇ: ಎಂ 4, ಇ 5. ಅಲ್ಲಿಗೆ ಹದಿನೇಳು. ಅದಕ್ಕೆ ಇವನ ಮುದ್ದಿನ ಹದಿನೆಂಟು ಸೇರಿದರೆ ಮೂವತ್ತೈದು. ಮೂರೂ ಐದೂ ಎಂಟು.

"ಎಂಟು ಅಂದ್ರೆ ಶನಿ, ಭಾವ" ಅಂದ. "ಮಾರಿಬಿಡ್ಲಾ?"

ಅವನಕ್ಕ, ಅಂದರೆ ನನ್ನ ಹೆಂಡತಿ, ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. "ನಿಮ್ಮ ಗಾಡಿದು ಎಷ್ಟು ಬರತ್ತೆ?" ಅಂದಳು. ಹನ್ನೊಂದು ವರ್ಷ ಓಡಿಸಿದ ಗಾಡಿಯ ನಂಬರನ್ನು ನಾನು ಅವತ್ತೇ ಮೊದಲ ಸಲ ಕೂಡಿದ್ದು. ಅಕ್ಷರದ ಗೊಡವೆಯೇ ಬೇಡ, ಬರೀ ಅಂಕಿಯಲ್ಲೇ ಎಂಟು. ಹನ್ನೊಂದು ವರ್ಷದಲ್ಲಿ ಈ ಕಾರಿಗೆ ಆದದ್ದು ಒಂದೇ ಅಪಘಾತ. ನಾನು ಸಿಗ್ನಲ್‌ನಲ್ಲಿ ನಿಂತಿದ್ದೆ, ಹಿಂದಿನಿಂದ ಬಂದು ಗುದ್ದಿದರು. ಗುದ್ದಿದ ಗಾಡಿಯ ನಂಬರು ಇನ್ಶೂರೆನ್ಸ್ ಕಾಗದದಲ್ಲಿ ಇತ್ತು. ಕುತೂಹಲಕ್ಕೆ ಅದನ್ನೂ ಕೂಡಿದೆ. ಒಂಬತ್ತು.

ಹೀಗೆ ನನಗೂ ಕೂಡುವ ಚಟ ಹತ್ತಿತು. ಸಿಗ್ನಲ್‌ನಲ್ಲಿ ನಿಂತರೆ ಮುಂದಿನ ಗಾಡಿ ಕೂಡುತ್ತೇನೆ. ಹಸಿರು ಬಂದರೂ ಗೊತ್ತಾಗುವುದಿಲ್ಲ. ಹಿಂದಿನವರು ಹಾರ್ನ್ ಹೊಡೆದು ನಮ್ಮ ವಂಶವನ್ನು ಸ್ಮರಿಸುತ್ತಾರೆ. ಎಂಟಿನ ಗಾಡಿಯಿಂದ ಅಪಾಯವಿರುವುದು ಹೀಗೆ ಅಂತ ಕಾಣುತ್ತದೆ. ಲೆಕ್ಕ ಮಾಡಿ ನೋಡಿದೆ. 1ರಿಂದ 9999ರವರೆಗೆ ಒಂದು ಸೀರೀಸಿನಲ್ಲಿ ಟೋಟಲ್ ಎಂಟು ಬರುವ ನಂಬರುಗಳು ಸರಿಯಾಗಿ 1111. ನಮ್ಮ ರಾಜ್ಯದಲ್ಲಿ ಎಷ್ಟು ಸೀರೀಸು ಆಗಿಹೋಗಿವೆಯೋ ಅಷ್ಟಕ್ಕೆ ಗುಣಿಸಿಕೊಳ್ಳಿ. ಅಷ್ಟು ಗಾಡಿಗಳ ಮೇಲೆ ಒಬ್ಬನೇ ಶನಿ ಕೂರಬೇಕು ಅಂದರೆ ಅವನ ಕಷ್ಟವನ್ನು ಯಾರು ಕೇಳುತ್ತಾರೆ?

ಹೊರದೇಶದವರಿಗೆ ಈ ಕೂಡುವ ಕಷ್ಟ ಇಲ್ಲ. ಬ್ರಿಟನ್, ಅಮೆರಿಕದಲ್ಲಿ ದುಡ್ಡು ಕೊಟ್ಟರೆ ಹೆಸರನ್ನೋ ಹೆಸರಿನ ಹಾಗೆ ಕಾಣುವುದನ್ನೋ ಪ್ಲೇಟಿನ ಮೇಲೆಯೇ ಹಾಕಿಸಿಕೊಳ್ಳಬಹುದು, ಅದೂ ಸರ್ಕಾರದ ಕೈಯಿಂದಲೇ. 2014ರಲ್ಲಿ ಬ್ರಿಟನ್ನಿನಲ್ಲಿ '25 ಓ' ಎಂಬ ಪ್ಲೇಟು ಎಲ್ಲ ಖರ್ಚು ಸೇರಿ 5 ಲಕ್ಷ ಪೌಂಡಿಗೂ ಮೇಲೆ ಹೋಯಿತು, ಒಂದು ಹಳೆಯ ಫೆರಾರಿ 250ಕ್ಕೆ. 250ರ ಸೊನ್ನೆಯ ಜಾಗದಲ್ಲಿ ಓ ಅಕ್ಷರ ಕೂರಿಸಿ ಓದಿಕೊಂಡರು. ಸೊನ್ನೆಗೂ ಓ ಅಕ್ಷರಕ್ಕೂ ವ್ಯತ್ಯಾಸ ಮಾಡದ ಮಗುವಿಗೆ ನಮ್ಮ ಮೇಷ್ಟರು ಕಿವಿ ಹಿಂಡುತ್ತಿದ್ದರು!

ಈ ಹುಚ್ಚಿಗೆ ಆ ದೇಶದಲ್ಲಿ ಒಬ್ಬ ಮೂಲಪುರುಷನೂ ಇದ್ದಾನೆ. 1903ರಲ್ಲಿ ಬ್ರಿಟನ್ನಿನಲ್ಲಿ ಗಾಡಿಗಳಿಗೆ ನಂಬರು ಕಡ್ಡಾಯ ಎಂಬ ಕಾಯಿದೆ ಬಂತು. ಆಗ ಲಂಡನ್ನಿನ 'ಎ 1' ತನಗೇ ಬೇಕು ಅಂತ ಅರ್ಲ್ ರಸೆಲ್ ಎಂಬ ದೊರೆ ರಾತ್ರಿಯಿಡೀ ಕ್ಯೂ ನಿಂತು ಗಿಟ್ಟಿಸಿದನಂತೆ. ಈತ ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ನ ಸ್ವಂತ ಅಣ್ಣ. ತಮ್ಮನೋ, ವೈಟ್‌ಹೆಡ್ ಜೊತೆ ಸೇರಿ, ಒಂದಕ್ಕೆ ಒಂದು ಸೇರಿದರೆ ಎರಡು ಎಂಬುದರ ಹತ್ತಿರ ಬರಲು ನೂರಾರು ಪುಟ ತರ್ಕ ಬರೆದ. ಅಣ್ಣನಿಗೆ ಒಂದೇ ಸಾಕಾಯಿತು. ಇಬ್ಬರಲ್ಲಿ ಯಾರನ್ನು ನೋಡಿ ಜಾಸ್ತಿ ಬೇಸರ ಮಾಡಿಕೊಳ್ಳಬೇಕು ಹೇಳಿ.

ಹೆಸರು ಹಾಕಿಸಿಕೊಳ್ಳುವುದರಲ್ಲೂ ತಾಪತ್ರಯ ಉಂಟು. ಲಾಸ್ ಏಂಜಲೀಸ್‌ನವನೊಬ್ಬನ ಕಥೆ 1970ರ ದಶಕದ್ದು. ಅರ್ಜಿಯಲ್ಲಿ ಮೂರು ಆಯ್ಕೆ ಬರೆಯಬೇಕಿತ್ತು. ದೋಣಿ ಪ್ರಿಯ. ದೋಣಿಗೆ ಸಂಬಂಧಪಟ್ಟ ಎರಡು ಮಾತು ಬರೆದ. ಅವೆರಡೂ ಸಿಗದಿದ್ದರೆ ವಿಶೇಷ ಪ್ಲೇಟೇ ಬೇಡ ಎಂಬ ಅರ್ಥದಲ್ಲಿ ಮೂರನೆಯ ಕಡೆ 'ನೋ ಪ್ಲೇಟ್' ಎಂದು ಬರೆದ. ಇಲಾಖೆಯವರು ಶ್ರದ್ಧಾವಂತರು. 'ನೋ ಪ್ಲೇಟ್' ಎಂದೇ ಪ್ಲೇಟು ಮಾಡಿ ಕಳಿಸಿದರು. ಅಲ್ಲಿಗೆ ಇಡೀ ರಾಜ್ಯದಲ್ಲಿ ಪ್ಲೇಟಿಲ್ಲದೆ ಎಲ್ಲೆಲ್ಲೋ ನಿಂತಿದ್ದ ಗಾಡಿಗಳಿಗೆ ಪೊಲೀಸರು 'ನೋ ಪ್ಲೇಟ್' ಅಂತ ಬರೆದು ಹಾಕಿದ ದಂಡವೆಲ್ಲ ಇವನ ಮನೆಗೆ ಬರಲು ಶುರುವಾಯಿತು. ಬಂದ ನೋಟಿಸು ಎರಡೂವರೆ ಸಾವಿರದಷ್ಟಂತೆ. ಶನಿ ಹಿಡಿಯುವುದು ಅಂದರೆ ಇದು ಕಾಣ್ರೀ.

ನಮ್ಮಲ್ಲಿ ಆ ಭಯವಿಲ್ಲ. ಅಕ್ಷರಗಳನ್ನು ಆರಿಸಿಕೊಳ್ಳುವಂತಿಲ್ಲ. ಆರಿಸುವುದಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ. ಫೀಸು ಕಟ್ಟಬೇಕು. ಒಂದೇ ನಂಬರಿಗೆ ಇಬ್ಬರು ಗಂಟುಬಿದ್ದರೆ ಹರಾಜು. ಅದಕ್ಕೇ ನಮ್ಮ ಜನ ಅಂಕಿಯಲ್ಲೇ ಅಕ್ಷರ ಕಾಣುವುದನ್ನು ಕಲಿತರು. 8055 ಅಂದರೆ 'ಬಾಸ್'. ಎಂಟು ಬಿ ಆಯಿತು, ಐದುಗಳು ಎಸ್ ಆದವು. ಹಿಂದಿ ಸೀಮೆಯಲ್ಲಿ 4141ಕ್ಕೆ ಬೇಡಿಕೆ, ನಾಗರಿ ಲಿಪಿಯಲ್ಲಿ 'ಪಾಪಾ' ಅಂತ ಕಾಣುತ್ತದೆ. ಅಲ್ಲಿ ಅಪ್ಪನ ಮೇಲಿನ ಪ್ರೀತಿ. ಅದೇ ಗಾಡಿ ನಮ್ಮ ಕಡೆ ಬಂದರೆ, ಪಾಪ, ಕರುಣೆ ಹುಟ್ಟಿಸುತ್ತದೆ.

ಮೊದಲು ಇಷ್ಟು ಬುದ್ಧಿ ಖರ್ಚು ಮಾಡಬೇಕಾಗಿರಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ನಿಂತರೆ ರೇಡಿಯಂ ಸ್ಟಿಕ್ಕರ್ ಕತ್ತರಿಸುವ ಹುಡುಗರು ನಿಮ್ಮ ನಂಬರನ್ನು ಬಳ್ಳಿ ಬಳ್ಳಿಯಾಗಿ ಬರೆದುಕೊಡುತ್ತಿದ್ದರು. ನಂಬರು ಬೆರಳಿನಷ್ಟು, ಅದರ ಮೇಲೆ 'ಅಮ್ಮನ ಆಶೀರ್ವಾದ' ಮೊಳದಷ್ಟು. ಕನ್ನಡದ ಅಂಕಿಯಲ್ಲಿ ಬರೆಸಿಕೊಂಡು ಪೊಲೀಸರ ಜೊತೆ ಭಾಷಾಭಿಮಾನದ ಚರ್ಚೆಗೆ ನಿಂತವರೂ ಇದ್ದರು. ಕೇಂದ್ರದ 1989ರ ನಿಯಮ ಮಾತ್ರ ಮೊದಲಿನಿಂದಲೂ ಗಂಟುಮುಖದ್ದು. ಇಂಗ್ಲಿಷ್ ಅಕ್ಷರ, ಮಾಮೂಲಿ ಅಂಕಿ, ಕಾರಾದರೆ ಎತ್ತರ 65 ಮಿಲಿಮೀಟರ್, ದಪ್ಪ 10, ನಡುವೆ ಸಂದು 10. ಚಿತ್ತಾರ, ಹೆಸರು, ಏನೂ ಕೂಡದು. ಕೇಳುವವರು ಇರಲಿಲ್ಲ, ಅಷ್ಟೇ.

ಆಮೇಲೆ ಎಚ್‌ಎಸ್‌ಆರ್‌ಪಿ ಎಂಬ ಹೈ ಸೆಕ್ಯುರಿಟಿ ಪ್ಲೇಟು ಬಂತು. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ, 2023ರಲ್ಲಿ ನಮ್ಮ ರಾಜ್ಯದ ಹಳೆಯ ಗಾಡಿಗಳಿಗೂ ಆದೇಶ. ಹಳೆಯದಕ್ಕೆ ಕೊಟ್ಟ ಗಡುವು ಮುಂದಕ್ಕೆ ಹೋಗುತ್ತಾ ಹೋಗುತ್ತಾ, ಮದುವೆ ದಿನ ಗೊತ್ತಾಗದ ಮನೆಯ ಮಾತಿನ ಹಾಗಾಯಿತು. ಅಲ್ಯೂಮಿನಿಯಂ ತಗಡು, ಮೂಲೆಯಲ್ಲಿ ಅಶೋಕ ಚಕ್ರದ ಹಾಲೊಗ್ರಾಂ, ಕೆಳಗೆ ಲೇಸರಿನಲ್ಲಿ ಕೊರೆದ ಗುಟ್ಟಿನ ನಂಬರು, ಒಮ್ಮೆ ಬಿಗಿದರೆ ಬಿಚ್ಚಲಾಗದ ಲಾಕು. ಆರು ಲಕ್ಷದ ಕಾರಿಗೂ ಆರು ಕೋಟಿಯದಕ್ಕೂ ಒಂದೇ ಮುಖ. ಅಮ್ಮನ ಆಶೀರ್ವಾದ ಒಕ್ಕಲೆದ್ದು ಹಿಂದಿನ ಗಾಜಿಗೆ ಹೋಯಿತು. ಅಲ್ಲಿ ಆಗಲೇ 'ಸ್ನೇಹಜೀವಿ' ಇದ್ದ, ಕುಲದೇವರು ಇದ್ದರು. ಈಗ ಓಡಿಸುವವನಿಗೆ ಹಿಂದಿನ ರಸ್ತೆ ಕಾಣದಿದ್ದರೂ ಹಿಂದಿನವನಿಗೆ ಇವನ ಮನೆತನವೆಲ್ಲ ಕಾಣುತ್ತದೆ. ಪ್ಲೇಟಿನ ಮೇಲುಗಡೆ ಕೆಂಪು ಬೋರ್ಡು ಬೇರೆ: ದೊಡ್ಡಕ್ಷರದಲ್ಲಿ 'ಅಧ್ಯಕ್ಷರು', ಅದರ ಹಿಂದೆ ಸಾಸಿವೆಕಾಳಿನಷ್ಟು 'ಮಾಜಿ'.

ಹೊರಗಿನ ಅಲಂಕಾರಕ್ಕೆ ದಾರಿ ಮುಚ್ಚಿದ್ದರಿಂದಲೋ ಏನೋ, ಅಂಕಿಗೆ ಮಾತ್ರ ಬೆಲೆ ಏರಿದೆ. ಚಂಡೀಗಢದಲ್ಲಿ 2022ರಲ್ಲಿ ಒಬ್ಬರು 0001ಕ್ಕೆ ಹದಿನೈದು ಲಕ್ಷಕ್ಕೂ ಮೇಲೆ ಕೊಟ್ಟು ಅದನ್ನು ತಂದು ಹಾಕಿದ್ದು ಎಪ್ಪತ್ತು ಚಿಲ್ಲರೆ ಸಾವಿರದ ಸ್ಕೂಟರಿಗೆ. ಪಕ್ಕದ ಕೊಚ್ಚಿಯಲ್ಲಿ 2025ರಲ್ಲಿ 0007ಕ್ಕೆ ಸುಮಾರು 46 ಲಕ್ಷ. ಅದು ಲ್ಯಾಂಬೋರ್ಗಿನಿಗೆ, ಬಿಡಿ, ಒಪ್ಪುತ್ತದೆ. ದುಬೈನಲ್ಲಿ 2023ರಲ್ಲಿ 'ಪಿ 7' ಎಂಬ ಪ್ಲೇಟು ಐದೂವರೆ ಕೋಟಿ ದಿರ್ಹಮ್‌ಗೆ ಹೋಯಿತು, ನಮ್ಮ ಲೆಕ್ಕದಲ್ಲಿ ನೂರಿಪ್ಪತ್ತು ಕೋಟಿ ರೂಪಾಯಿಗೂ ಮೇಲೆ. ಆ ದುಡ್ಡು ಹಸಿದವರ ಅನ್ನಕ್ಕೆ ಹೋಯಿತು ಎಂಬುದರಿಂದ ಬಾಯಿ ಮುಚ್ಚಿಕೊಳ್ಳುತ್ತೇನೆ. ಅದೇ ದುಬೈಯಲ್ಲಿ 2016ರಲ್ಲಿ ಭಾರತ ಮೂಲದ ಉದ್ಯಮಿಯೊಬ್ಬರು 'ಡಿ 5'ಕ್ಕೆ 3 ಕೋಟಿ 30 ಲಕ್ಷ ದಿರ್ಹಮ್ ಸುರಿದರು. ಯಾಕೆ ಗೊತ್ತೇ? ಡಿ ನಾಲ್ಕನೆಯ ಅಕ್ಷರ, ನಾಲ್ಕೂ ಐದೂ ಸೇರಿದರೆ ಒಂಬತ್ತು! ನನ್ನ ಭಾವಮೈದನಿಗೆ ಇದನ್ನು ಹೇಳಿದೆ. "ನೋಡಿ, ದೊಡ್ಡೋರೂ ಅಕ್ಷರ ಸೇರಿಸ್ತಾರೆ" ಅಂತ ಇನ್ನಷ್ಟು ಕುಗ್ಗಿದ.

ಅವನಿಗೆ ಧೈರ್ಯ ತುಂಬುವುದಕ್ಕೆ ನಾನು ಹರಿಯಾಣಕ್ಕೆ ಹೋದೆ, ಮಾತಿನಲ್ಲಿ. 2025ರ ನವೆಂಬರಿನಲ್ಲಿ ಅಲ್ಲಿ ಒಂದು ನಂಬರು ಹರಾಜಾಯಿತು: ಎಚ್‌ಆರ್ 88 ಬಿ 8888. ನಡುವೆ ಇರುವ ಬಿ ಅಕ್ಷರವೂ ದೂರದಿಂದ ಎಂಟೇ. ಅಂದರೆ ಸಾಲಾಗಿ ಏಳು ಶನಿ. ಕೂಗು ನಿಂತದ್ದು 1 ಕೋಟಿ 17 ಲಕ್ಷಕ್ಕೆ. "ನೋಡಪ್ಪಾ, ನೀನು ಬಿಟ್ಟಿ ಸಿಕ್ಕಿದ ಎಂಟಕ್ಕೆ ಅಳ್ತಿದೀಯ, ಅವರು ಕೋಟಿ ಕೊಡ್ತೀವಿ ಅಂದ್ರು" ಅಂದೆ.

"ಕೊಟ್ರಾ?" ಅಂದ.

ಇಲ್ಲ. ಕೂಗಿದವರು ಗಡುವಿನೊಳಗೆ ದುಡ್ಡು ಕಟ್ಟಲಿಲ್ಲ. ನಂಬರು ಮತ್ತೆ ಹರಾಜಿಗೆ. ನನ್ನ ಉದಾಹರಣೆ ನನ್ನ ಕಾಲಿಗೇ ಬಿತ್ತು.

ಆದರೂ ಎಂಟರ ಪರವಾಗಿ ವಾದ ಹೂಡುವುದನ್ನು ನಾನು ಬಿಡಲಿಲ್ಲ. ಕನ್ನಡದಲ್ಲಿ ಧೈರ್ಯಶಾಲಿಗೆ ಎಂಟೆದೆಯವನು ಅನ್ನುತ್ತೇವೆ, ಒಂಬತ್ತೆದೆಯವನು ಅಂತ ಯಾರಾದರೂ ಅಂದದ್ದುಂಟೇ? ದಿಕ್ಕು ಎಂಟು, ಲಕ್ಷ್ಮಿಯರು ಎಂಟು, ಐಶ್ವರ್ಯ ಎಂಟು. ನಾವು ವೇದಿಕೆ ಸಿಕ್ಕಿದಲ್ಲೆಲ್ಲ ಎದೆ ತಟ್ಟಿ ಹೇಳಿಕೊಳ್ಳುವ ಜ್ಞಾನಪೀಠವೂ ಎಂಟೇ. ಒಂಬತ್ತನೆಯದು ಬರುವವರೆಗೂ ಟೋಟಲ್ ಸರಿಯಿಲ್ಲ ಅಂತ ಕುವೆಂಪು, ಬೇಂದ್ರೆ ಆದಿಯಾಗಿ ಎಲ್ಲರದ್ದೂ ವಾಪಸು ಕೊಡೋಣವೇ? ಕೃಷ್ಣ ಹುಟ್ಟಿದ್ದು ಅಷ್ಟಮಿಯಲ್ಲಿ, ಎಂಟನೆಯ ಮಗುವಾಗಿ. ಎಂಟಕ್ಕೆ ಹೆದರಿದವರಲ್ಲಿ ನಮಗೆ ಹೆಸರು ಗೊತ್ತಿರುವ ಮೊದಲಿಗ ಕಂಸ. ಆ ಸಾಲಿನಲ್ಲಿ ಹೋಗಿ ನಿಲ್ಲುತ್ತೀಯಾ ಅಂತ ಕೇಳಿದೆ.

ಭಾವಮೈದ ಕರಗಲಿಲ್ಲ. ಕರಗಿಸಿದ್ದು ನಮ್ಮ ಪಕ್ಕದ ಮನೆಯ ಸಂಗೀತದ ಟೀಚರಮ್ಮ.

ದಸರೆ ರಜೆಗೆ ಅವನು ಅದೇ ಕಾರಿನಲ್ಲಿ ಮೈಸೂರಿಗೆ ಬಂದಿದ್ದ, ಬೆಂಗಳೂರಿನಿಂದ ಇಲ್ಲಿಯವರೆಗೆ ಅರವತ್ತು ದಾಟದ ಹಾಗೆ. ಆಯುಧಪೂಜೆಯ ಬೆಳಿಗ್ಗೆ ಎರಡು ಕಾರನ್ನೂ ತೊಳೆದು ಬಾಳೆಕಂದು ಕಟ್ಟುತ್ತಿದ್ದೆವು. ಟೀಚರಮ್ಮ ಕಾಂಪೌಂಡಿನ ಆಚೆಯಿಂದ ನೋಡಿ, ಇವನ ಸಪ್ಪೆ ಮುಖದ ಕಾರಣ ಕೇಳಿದರು. ಹೇಳಿದೆವು. ಅವರು ನಕ್ಕು ಕೈಯಲ್ಲಿದ್ದ ಹೂವಿನ ಬುಟ್ಟಿ ಕೆಳಗಿಟ್ಟರು.

"ಅಂಕಿಗೂ ಅಕ್ಷರಕ್ಕೂ ಗಂಟು ಹಾಕೋದನ್ನ ಇಂಗ್ಲಿಷ್ ಎಬಿಸಿಡಿಯಿಂದ ಯಾಕಪ್ಪ ಕಲೀತೀಯ? ನಮ್ಮದೇ ಇದೆಯಲ್ಲ, ಕಟಪಯಾದಿ!"

ಗೊತ್ತಿದ್ದವರು ಕ್ಷಮಿಸಬೇಕು, ಗೊತ್ತಿಲ್ಲದವರಿಗೆ ಎರಡು ಮಾತು. ಈ ಪದ್ಧತಿಯಲ್ಲಿ ಕ, ಟ, ಪ, ಯ ಈ ನಾಲ್ಕಕ್ಕೂ ಬೆಲೆ ಒಂದು. ಅಲ್ಲಿಂದ ಮುಂದಕ್ಕೆ ಖ ಎರಡು, ಗ ಮೂರು, ಹೀಗೆ. ನ ಬಂದರೆ ಸೊನ್ನೆ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 'ಜಯ' ಅಂದರೆ ಜ ಎಂಟು, ಯ ಒಂದು, ತಿರುಗಿಸಿದರೆ ಹದಿನೆಂಟು. ಜಯ ಎಂಬ ಹೆಸರಿನ ಮಹಾಭಾರತಕ್ಕೆ ಹದಿನೆಂಟೇ ಪರ್ವ. ಕರ್ನಾಟಕ ಸಂಗೀತದ ಎಪ್ಪತ್ತೆರಡು ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರದಲ್ಲಿ ಆ ರಾಗದ ನಂಬರು ಅಡಗಿದೆ. ಧೀರಶಂಕರಾಭರಣ: ಧ ಒಂಬತ್ತು, ರ ಎರಡು, ತಿರುಗಿಸಿದರೆ ಇಪ್ಪತ್ತೊಂಬತ್ತು. ಮೇಚಕಲ್ಯಾಣಿ ಅರವತ್ತೈದು. ನಮ್ಮ ಸರ್ಕಾರ ಕಾರಿನ ನಂಬರು ಎಷ್ಟು ಮಿಲಿಮೀಟರ್ ಎತ್ತರ ಇರಬೇಕು ಅಂದಿತ್ತು, ನೆನಪಿದೆಯೇ? ಅರವತ್ತೈದು! ಪ್ರತಿ ಕಾರೂ ಕಲ್ಯಾಣಿಯ ಎತ್ತರದಲ್ಲೇ ಓಡುತ್ತಿದೆ.

"ಒಂದನೇ ನಂಬರಿಗೆ ಲಕ್ಷಗಟ್ಟಲೆ ಸುರೀತಾರಲ್ಲ, ಒಂದನೇ ಮೇಳ ಯಾವುದು ಗೊತ್ತಾ? ಕನಕಾಂಗಿ" ಅಂದರು ಟೀಚರಮ್ಮ. "ಹೆಸರಲ್ಲಿ ಬಂಗಾರ. ಕಚೇರೀಲಿ ಹಾಡೋದು ಬಲು ಅಪರೂಪ. ವಿವಾದಿ ರಾಗ, ಹಾಡಿದ್ರೆ ದೋಷ ಅಂತ ಹಿಂದಿನೋರು ಹತ್ತಿರ ಸೇರಿಸ್ತಿರಲಿಲ್ಲ."

ನನಗೆ ಅಲ್ಲೇ ಕೂತು ರಾಜ್ಯದ ಆರ್‌ಟಿಓಗಳಿಗೆಲ್ಲ ರಾಗ ಹಂಚುವ ಉಮೇದು ಬಂತು. ಕೆಎ-01 ಬೆಂಗಳೂರಿನ ಕೋರಮಂಗಲ: ಕನಕಾಂಗಿ. ಅಲ್ಲಿಯ ಸ್ಟಾರ್ಟಪ್ಪಿನವರ ದುಡ್ಡು ನೋಡಿದರೆ ಸರಿಹೋಯಿತು. ಕೆಎ-15 ಸಾಗರ: ಮಾಯಾಮಾಳವಗೌಳ, ಸರಳೆವರಸೆ ಶುರುವಾಗುವುದೇ ಅಲ್ಲಿಂದ. ಬೆಳಗಾವಿಯ 22ಕ್ಕೆ ಖರಹರಪ್ರಿಯ, ಬಾಗಲಕೋಟೆಯ 29ಕ್ಕೆ ಶಂಕರಾಭರಣ. ಹಿಂದೂಸ್ತಾನಿ ಕೇಳುವ ಆ ಸೀಮೆಯವರು ಅವನ್ನು ಕಾಫಿ, ಬಿಲಾವಲ್ ಅಂತ ಕರೆದುಕೊಂಡರೆ ನನ್ನ ಅಭ್ಯಂತರವಿಲ್ಲ. ನಮ್ಮ ಮೈಸೂರಿನ 09 ಧೇನುಕ. ಕೆಎ-70 ಬಂಟ್ವಾಳ ಆಗಲೇ ಬಂದಾಯಿತು. ಎಪ್ಪತ್ತೆರಡು ತುಂಬುವುದು ಎಷ್ಟು ಹೊತ್ತಿನ ಮಾತು!

"ಅದೆಲ್ಲ ಇರಲಿ, ಎಂಟು ಯಾವ ರಾಗ ಟೀಚರ್?" ಅಂದ ಭಾವಮೈದ. ಪಾಪ, ಅವನ ಚಿಂತೆ ಅವನಿಗೆ.

"ಎಂಟಾ? ಹ ಎಂಟು, ನು ಸೊನ್ನೆ. ಹನುಮತೋಡಿ."

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ನನ್ನ ಹೆಂಡತಿ ಮೊದಲು ನಕ್ಕಳು. ಶನಿ ಕಾಡಿದರೆ ಯಾರ ಗುಡಿಗೆ ಹೋಗುತ್ತೇವೆ? ಹನುಮಂತನ ಗುಡಿಗೆ. ಶನಿಯ ನಂಬರಿನಲ್ಲೇ ಹನುಮಪ್ಪ ಹೆಸರು ಬರೆಸಿಕೊಂಡು ಕೂತಿದ್ದಾನೆ, ಅದೂ ತೋಡಿ ಹಾಡುತ್ತಾ. ಗಂಟೆಗಟ್ಟಲೆ ವಿಸ್ತರಿಸಿದರೂ ಮುಗಿಯದ ರಾಗ. ಬೆಂಗಳೂರಿನ ಟ್ರಾಫಿಕ್ಕಿಗೆ ಇದಕ್ಕಿಂತ ಒಪ್ಪುವ ರಾಗ ಇನ್ನಾವುದು?

ಇನ್ನೊಂದು ತಮಾಷೆ ನನಗೆ ಮಧ್ಯಾಹ್ನ ಹೋಳಿಗೆ ತಿನ್ನುವಾಗ ಹೊಳೆಯಿತು. ಕೆಎ-08 ಯಾವ ಊರು? ಕೋಲಾರದ ಚಿನ್ನದ ಗಣಿಯ ಕೆಜಿಎಫ್. ನೂರಕ್ಕೂ ಹೆಚ್ಚು ವರ್ಷ ಭೂಮಿ ತೋಡಿ ತೋಡಿ, 2001ರಲ್ಲಿ ಗಣಿ ಮುಚ್ಚಿದ ಊರಿಗೆ ಸಾರಿಗೆ ಇಲಾಖೆ ಕೊಟ್ಟದ್ದು 'ತೋಡಿ'. ಬಂಗಾರದ ಕನಕಾಂಗಿ ಕೋರಮಂಗಲಕ್ಕೆ, ತೋಡುವ ಕೆಲಸ ಕೆಜಿಎಫ್‌ಗೆ. ಗೊತ್ತಿಲ್ಲದೆ ಕೊಟ್ಟ ನಂಬರೂ ಇಷ್ಟು ನಿಜ ಹೇಳುತ್ತದೆಯಲ್ಲ ಅಂತ ಹೋಳಿಗೆ ಕೈಯಲ್ಲೇ ಉಳಿಯಿತು. ಹೆಂಡತಿ ತುಪ್ಪ ಬೇಕೇನೋ ಅಂದುಕೊಂಡು ಇನ್ನೊಂದು ಚಮಚ ಹಾಕಿದಳು. ನಾನು ತಿದ್ದಲಿಲ್ಲ.

ಭಾವಮೈದ ಕಾರು ಮಾರಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಪುಟ್ಟ ಹನುಮಂತ ಬಂದಿದ್ದಾನೆ. ಸ್ಟಾರ್ಟ್ ಮಾಡಿದ ಕೂಡಲೇ ಸ್ಪೀಕರಿನಲ್ಲಿ ತೋಡಿ. ಅವನಿಗೆ ಸಂಗೀತದ ಗಂಧವಿಲ್ಲ, ಅದು ತೋಡಿಯೋ ಭೈರವಿಯೋ ತಿಳಿಯುವುದಿಲ್ಲ, ಆದರೂ ತಲೆದೂಗುತ್ತಾನೆ. ಸಹೋದ್ಯೋಗಿಗಳಿಗೆ "ನಂದು ಹನುಮತೋಡಿ, ನಿಮ್ದೇನು?" ಅಂತ ಕೇಳುತ್ತಾನಂತೆ. ಅವನ ಆಫೀಸಿನಲ್ಲಿ ಈಗ ಮೂರು ಜನ ಪಾರ್ಕಿಂಗ್‌ನಲ್ಲಿ ನಿಂತು ಬೆರಳು ಮಡಚಿ ರಾಗ ಹುಡುಕುತ್ತಿದ್ದಾರೆ.

ನನ್ನ ವಿಷಯಕ್ಕೆ ಬರುತ್ತೇನೆ. ಹನ್ನೊಂದು ವರ್ಷವಾಯಿತು, ಮಂಡಿ ನೋವು, ಕ್ಲಚ್ ತುಳಿಯಲು ಆಗುತ್ತಿಲ್ಲ, ಗೇರಿಲ್ಲದ ಗಾಡಿ ತೆಗೆದುಕೊಳ್ಳಬೇಕು ಅಂತಿದ್ದೇನೆ. ಹಳೆಯದನ್ನು ನೋಡಲು ಬಂದ ಮೊದಲ ಗಿರಾಕಿ ಬಾನೆಟ್ ಎತ್ತಲಿಲ್ಲ, ಟೈರ್ ನೋಡಲಿಲ್ಲ. ಗೇಟಿನ ಹತ್ತಿರವೇ ನಿಂತು ತುಟಿ ಅಲ್ಲಾಡಿಸಿ ಕೂಡಿದ, "ಮನೇಲಿ ಕೇಳಿ ಹೇಳ್ತೀನಿ ಸಾರ್" ಅಂತ ಹೋದವನು ಇವತ್ತಿಗೂ ಮನೆಯಲ್ಲಿ ಕೇಳುತ್ತಲೇ ಇದ್ದಾನೆ. ಆದ್ದರಿಂದ ಓದುಗರಲ್ಲಿ ನೇರವಾಗಿ ವಿನಂತಿ: ಕಾರು ಮಾರಾಟಕ್ಕಿದೆ. ಮೈಸೂರು ರಿಜಿಸ್ಟ್ರೇಷನ್, ಧೇನುಕ. ಒಬ್ಬನೇ ಮಾಲೀಕ. ಟೋಟಲ್ ಎಂಟು, ಹನುಮತೋಡಿ. ಹಿಂದಿನ ಬಂಪರಿನಲ್ಲಿ ಒಂಬತ್ತು ಬಂದು ಗುದ್ದಿದ ಗುರುತು ಇದೆ. ಸಂಗೀತ ಬಲ್ಲವರಿಗೆ ಆದ್ಯತೆ.